ಹೈಕೋರ್ಟಿಗೆ ಯಾರು? ನನ್ನ ನೋಟ್‌ಬುಕ್ಕಿನ ಲೆಕ್ಕ

ಮಂಡ್ಯ ಕೋರ್ಟಿನಲ್ಲಿ ನನ್ನನ್ನು ‘ಜೋಯಿಸರು’ ಅಂತ ಕರೆಯುತ್ತಾರೆ. ಜಾತಕ ನೋಡುತ್ತೇನೆ ಅಂತಲ್ಲ. ಹೈಕೋರ್ಟಿಗೆ ಮುಂದಿನ ಜಡ್ಜ್ ಯಾರಾಗುತ್ತಾರೆ ಅಂತ ಹೇಳುವ ಚಟ ನನಗೆ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ.

ಶುರುವಿನಲ್ಲಿ ನನ್ನದೂ ಟೀ ಅಂಗಡಿಯ ಲೆಕ್ಕವೇ. ಯಾರ ವಾದ ಚೆನ್ನಾಗಿದೆ, ಯಾರು ಯಾರಿಗೆ ನೆಂಟರು, ಯಾವ ಜಾತಿಯವರಿಗೆ ಸಿಕ್ಕಿ ಎಷ್ಟು ದಿನವಾಯಿತು. ಐದು ಹೆಸರು ಹೇಳಿದರೆ ಒಂದೂ ಸರಿ ಬರುತ್ತಿರಲಿಲ್ಲ. ಮೊದಲು ಹುಡುಕಬೇಕಾದ್ದು ಹುಟ್ಟಿದ ತಾರೀಕು ಅಂತ ಆಮೇಲೆ ತಿಳಿಯಿತು.

ಹೈಕೋರ್ಟ್ ನ್ಯಾಯಮೂರ್ತಿಗಳಿಗೆ 62ಕ್ಕೆ ನಿವೃತ್ತಿ. ನಮ್ಮ ಹೈಕೋರ್ಟಿಗೆ ಮಂಜೂರಾದ ಹುದ್ದೆಗಳೂ 62, ನೆನಪಿಟ್ಟುಕೊಳ್ಳಲು ಸುಲಭ ಅಲ್ವಾ? ಯಾವ ತಿಂಗಳು ಯಾರ ಕುರ್ಚಿ ಖಾಲಿ ಅಂತ ಒಂದು ಪುಟ ಬರೆದೆ. ಖಾಲಿಯಾಗುವ 6 ತಿಂಗಳ ಮುಂಚೆಯೇ ಮುಖ್ಯ ನ್ಯಾಯಮೂರ್ತಿಗಳು ಹೆಸರು ಕಳಿಸಬೇಕು ಅನ್ನುತ್ತದೆ ನಿಯಮ. ನಡೆಯುವುದು ಮಾತ್ರ ತಾಲೂಕು ಕಚೇರಿಯ ಖಾತೆ ಬದಲಾವಣೆಯ ವೇಗದಲ್ಲಿ.

ಸಾಮಾನ್ಯವಾಗಿ ಮೂರು ಹುದ್ದೆಯಲ್ಲಿ ಎರಡು ವಕೀಲರಿಗೆ, ಒಂದು ಜಿಲ್ಲಾ ನ್ಯಾಯಾಧೀಶರಿಗೆ. ಸರ್ವಿಸ್ ಕಡೆಯ, ಅಂದರೆ ಜಿಲ್ಲಾ ನ್ಯಾಯಾಧೀಶರ ಲೆಕ್ಕ ಸುಲಭ. ಸೀನಿಯಾರಿಟಿ ಪಟ್ಟಿ ಮುಂದಿಟ್ಟುಕೊಂಡು, 58ರ ಮೇಲೆ ಆರು ತಿಂಗಳು ದಾಟಿದವರ ಹೆಸರಿಗೆ ಗೆರೆ ಎಳೆಯುತ್ತೇನೆ. ಮೇಲೆ ಉಳಿದ ಹತ್ತು ಜನರಲ್ಲೇ ಉತ್ತರ ಇರುತ್ತದೆ. ಹೈಕೋರ್ಟಿನ ಆಡಳಿತ ನೋಡುವ ರಿಜಿಸ್ಟ್ರಾರ್ ಜನರಲ್ ಕುರ್ಚಿಯಲ್ಲಿ ಯಾವ ಜಿಲ್ಲಾ ನ್ಯಾಯಾಧೀಶರಿದ್ದಾರೆ ಅಂತಲೂ ನೋಡಿಕೊಳ್ಳುತ್ತೇನೆ.

ತಲೆನೋವು ಇರುವುದು ವಕೀಲರ ಕಡೆ. ಸಂವಿಧಾನದ 217ನೇ ವಿಧಿ ಕೇಳುವುದು ಹೈಕೋರ್ಟ್ ವಕೀಲರಾಗಿ 10 ವರ್ಷ, ಅಷ್ಟೇ. ರೂಢಿಯಲ್ಲಿ ವಯಸ್ಸು 45ರಿಂದ 55ರ ಒಳಗಿರಬೇಕು. ಇಷ್ಟಕ್ಕೆ ಸರಿಹೊಂದುವವರು ಎಷ್ಟೋ ಜನ. ಬೆಂಗಳೂರು, ಧಾರವಾಡ, ಕಲಬುರಗಿಯಲ್ಲಿ ದಿನಾ ಪೀಠದ ಮುಂದೆ ನಿಲ್ಲುವವರೇ ಕಣ್ಣಿಗೆ ಬೀಳುವುದು. ಪಾಂಡವಪುರ ಕಡೆಯ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಮಗಳು ಬಿ.ವಿ. ನಾಗರತ್ನ 2008ರಲ್ಲಿ ನಮ್ಮ ಹೈಕೋರ್ಟಿಗೆ ಬಂದು, 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ‘ನಮ್ಮ ಮಂಡ್ಯದೋರು’ ಅಂತ ನಾವು ಎದೆ ಉಬ್ಬಿಸುತ್ತೇವೆ. ಆದರೆ ಅವರ ವಕೀಲಿ ಬೆಳೆದದ್ದು ಬೆಂಗಳೂರಿನಲ್ಲಿ.

ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ಹೆಸರು ಆರಿಸುವುದು ಹೈಕೋರ್ಟಿನ ಕೊಲಿಜಿಯಂ, ಅಂದರೆ ಮುಖ್ಯ ನ್ಯಾಯಮೂರ್ತಿ ಮತ್ತು ಅವರ ನಂತರದ ಇಬ್ಬರು ಹಿರಿಯರು. ಮುಖ್ಯ ನ್ಯಾಯಮೂರ್ತಿ ಸಾಮಾನ್ಯವಾಗಿ ಹೊರರಾಜ್ಯದವರು. ಇಲ್ಲಿನ ವಕೀಲರ ಪರಿಚಯ ಅವರಿಗೆ ಕಮ್ಮಿ. ಹಾಗಾಗಿ ಉಳಿದ ಇಬ್ಬರ ಮಾತಿಗೆ ತೂಕ ಜಾಸ್ತಿ ಅನ್ನುವುದು ನನ್ನ ಲೆಕ್ಕ. ಆ ಇಬ್ಬರಲ್ಲಿ ಒಬ್ಬರಿಗೆ ವರ್ಗವಾದರೆ ನನ್ನ ಪುಟ ಹರಿದು ಹೊಸದು ಬರೆಯುತ್ತೇನೆ.

ಒಂದು ಸಲ ದೊಡ್ಡ ತಪ್ಪು ಮಾಡಿದೆ. ನಮ್ಮ ಕಡೆಯ ಸೀನಿಯರ್ ಒಬ್ಬರು ಬೆಂಗಳೂರಿನಲ್ಲಿದ್ದರು. ವಯಸ್ಸು, ಹೆಸರು, ಕೇಸು ಎಲ್ಲಾ ಕೂಡಿ ಬಂದಿತ್ತು. ‘ಈ ಸಲ ಇವರೇ’ ಅಂತ ಬಾರ್ ರೂಮಿನಲ್ಲಿ ಡಂಗುರ ಹೊಡೆದೆ. ಎರಡು ತಿಂಗಳಾದ ಮೇಲೆ ಅವರ ಫೋನ್ ಬಂತು.

‘ಏನಪ್ಪಾ, ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?’

ನನಗೆ ಅರ್ಥವಾಗಲಿಲ್ಲ. ಸುದ್ದಿ ಅವರ ಕಕ್ಷಿದಾರರಿಗೆ ಮುಟ್ಟಿತ್ತು. ‘ಲಾಯರ್ರು ಜಡ್ಜ್ ಆಗ್ತಾರಂತೆ, ನಮ್ಮ ಕೇಸು ನಡುನೀರಲ್ಲಿ ಬಿಟ್ಟೋದ್ರೆ?’ ಅಂತ ಇಬ್ಬರು ಫೈಲು ವಾಪಸ್ ತೆಗೆದುಕೊಂಡಿದ್ದರು. ಹೊಸಬರು ಬರುವುದೇ ನಿಂತಿತ್ತು. ಪಟ್ಟಿಯಲ್ಲಿ ಅವರ ಹೆಸರು ಬರಲೇ ಇಲ್ಲ. ಮರುವರ್ಷ 55 ದಾಟಿತು. ಈಗಲೂ ಎದುರು ಸಿಕ್ಕರೆ ನಗುತ್ತಾರೆ, ನನಗೇ ತಲೆ ಎತ್ತಲು ಆಗುವುದಿಲ್ಲ.

ಅಂದಿನಿಂದ ವಕೀಲರ ಪುಟವನ್ನು ಯಾರಿಗೂ ತೋರಿಸಿಲ್ಲ. ಜೂನಿಯರ್‌ಗಳು ಕೇಳಿದರೆ ಸರ್ವಿಸ್ ಹೆಸರು ಹೇಳುತ್ತೇನೆ, ಎಷ್ಟು ಕುರ್ಚಿ ಖಾಲಿ ಅಂತ ಹೇಳುತ್ತೇನೆ, ಮುಗಿಯಿತು. ಮಿಕ್ಕದ್ದಕ್ಕೆ ಸುಪ್ರೀಂ ಕೋರ್ಟ್ ವೆಬ್‌ಸೈಟ್ ನೋಡಿಕೊಳ್ಳಲಿ. ಹೈಕೋರ್ಟ್ ಕಳಿಸಿದ ಹೆಸರುಗಳನ್ನು ಪರಿಶೀಲಿಸುವ ಅಲ್ಲಿನ ಕೊಲಿಜಿಯಂ ತನ್ನ ನಿರ್ಣಯಗಳನ್ನು 2017ರ ಅಕ್ಟೋಬರ್‌ನಿಂದ ಅದರಲ್ಲಿ ಹಾಕುತ್ತಿದೆ. ಪಟ್ಟಿ ಬಂದ ರಾತ್ರಿ ಒಬ್ಬನೇ ಕೂತು ನೋಟ್‌ಬುಕ್ ತೆರೆದು ಟಿಕ್ ಹಾಕುತ್ತೇನೆ. ಕಳೆದ ಸಲ ಸರ್ವಿಸ್ ಪುಟದಲ್ಲಿ ಎರಡು ಟಿಕ್ ಬಿತ್ತು. ವಕೀಲರ ಪುಟದಲ್ಲಿ ಸೊನ್ನೆ.