ಹೈಸ್ಕೂಲ್ ಮಕ್ಕಳ ಲೀಡರ್‌ಶಿಪ್: ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ

ಮಗ ಹನ್ನೊಂದನೇ ಕ್ಲಾಸಿಗೆ ಬಂದ ಕೂಡಲೇ ಇಲ್ಲಿನ ನಮ್ಮ ಮನೆಗಳಲ್ಲಿ ಒಂದೇ ಮಾತು: ಕಾಲೇಜಿನ ಅರ್ಜಿಯಲ್ಲಿ ತೋರಿಸೋಕೆ ಲೀಡರ್‌ಶಿಪ್ ಏನೂ ಇಲ್ವಲ್ಲ, ಬೇಗ ಒಂದು ಕ್ಲಬ್ ಶುರು ಮಾಡಿಸೋಣ. ದಯವಿಟ್ಟು ಬೇಡ. ಅವಸರಕ್ಕೆ ಹುಟ್ಟಿದ ಕ್ಲಬ್ ಎರಡು ಮೀಟಿಂಗ್ ಆದ ಮೇಲೆ ನಿಂತುಹೋಗುತ್ತದೆ, ಮಗುವಿಗೂ ಅದರಿಂದ ಏನೂ ದಕ್ಕುವುದಿಲ್ಲ.

ಮೊದಲು ಫಾರ್ಮ್ ತೆಗೆದು ನೋಡಿ. ಕಾಮನ್ ಆ್ಯಪ್‌ನಲ್ಲಿ, ಅಂದರೆ ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಆನ್‌ಲೈನ್ ಅರ್ಜಿಯಲ್ಲಿ, 10 ಚಟುವಟಿಕೆಗಳಿಗೆ ಜಾಗ ಇದೆ. ಒಂದೊಂದರಲ್ಲೂ ಏನು ಮಾಡಿದೆ ಅಂತ ಹೇಳಲು ಸಿಗುವುದು ಬರೀ 150 ಕ್ಯಾರೆಕ್ಟರ್. ಜೊತೆಗೆ ಯಾವ ಯಾವ ಕ್ಲಾಸಿನಲ್ಲಿ ಮಾಡಿದ್ದು, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತಲೂ ಕೇಳುತ್ತಾರೆ, ಹಾಗಾಗಿ ಕೊನೇ ಗಳಿಗೆಯಲ್ಲಿ ಸೇರಿಸಿದ್ದು ಅಲ್ಲೇ ಎದ್ದು ಕಾಣುತ್ತದೆ. ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು 8 ಪ್ರಶ್ನೆ ಕೊಟ್ಟು 4ಕ್ಕೆ ಉತ್ತರ ಕೇಳುತ್ತಾರೆ, ಮೊದಲನೆಯದೇ ಲೀಡರ್‌ಶಿಪ್ ಬಗ್ಗೆ. ಬೇರೆಯವರಿಗೆ ನಿನ್ನಿಂದ ಏನು ಒಳ್ಳೆಯದಾಯಿತು, ಜಗಳ ಬಗೆಹರಿಸಿದ್ದೀಯಾ, ಗುಂಪಿನ ಕೆಲಸಕ್ಕೆ ಎಷ್ಟೋ ಕಾಲ ಕೈಜೋಡಿಸಿದ್ದೀಯಾ, ಇದು ಅವರ ಪ್ರಶ್ನೆ. ಪ್ರೆಸಿಡೆಂಟ್ ಆಗಿದ್ದೆಯಾ ಅಂತಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಎರಡು ಮೂರು ಕಡೆ ಸೇರಲಿ, ಸಾಕು. ರೋಬೋಟಿಕ್ಸ್ ಇರಬಹುದು, ಬ್ಯಾಂಡ್ ಇರಬಹುದು, ಶಾಲೆಯ ಪತ್ರಿಕೆ ಇರಬಹುದು. ನೀವು ತಳ್ಳದೆ ತಾನಾಗಿ ಹೋಗುವಂಥದ್ದಾದರೆ ಆಯಿತು. ಮೊದಲ ವರ್ಷ ಕುರ್ಚಿ ಹಾಕಲಿ, ಹಾಜರಿ ತೆಗೆದುಕೊಳ್ಳಲಿ. ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಅಂತ ಗಮನಿಸಲಿ. ಹತ್ತನೇ ಕ್ಲಾಸಿನಲ್ಲಿ ಹಾಗೆ ಸಿಕ್ಕಿಕೊಂಡ ಒಂದು ವಿಷಯವನ್ನು ತಾನೇ ಕೈಗೆತ್ತಿಕೊಳ್ಳಲಿ.

ನಮ್ಮ ಕನ್ನಡ ಶಾಲೆಯಲ್ಲಿ ಒಬ್ಬ ಹುಡುಗಿ ಭಾನುವಾರ ಚಿಕ್ಕ ಮಕ್ಕಳ ಕ್ಲಾಸಿಗೆ ಸಹಾಯಕ್ಕೆ ಬರುತ್ತಿದ್ದಳು. ಅ ಆ ಇ ಈ ದಾಟಿ ಕಾಗುಣಿತದವರೆಗೆ ಚೆನ್ನಾಗಿ ಬರುತ್ತಿದ್ದ ಮಕ್ಕಳು ಒತ್ತಕ್ಷರ ಬಂದ ಕೂಡಲೇ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದದ್ದು, ಆಮೇಲೆ ಒಬ್ಬೊಬ್ಬರಾಗಿ ಕ್ಲಾಸೇ ಬಿಡುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು. ರಟ್ಟು ಕತ್ತರಿಸಿ ಜೋಡಿಸುವ ಆಟ ಮಾಡಿದಳು: 'ಅ' ಆದ ಮೇಲೆ 'ಕ', ಕೆಳಗೆ ಒತ್ತು ಇಟ್ಟರೆ 'ಅಕ್ಕ'. ಹಾಗೇ 'ಅಣ್ಣ', 'ಅಜ್ಜಿ', 'ಬೆಕ್ಕು'. ಮಕ್ಕಳಿಗೆ ಹಿಡಿಸಿತು. ಹನ್ನೊಂದನೇ ಕ್ಲಾಸಿನಲ್ಲಿ ತನಗಿಂತ ಚಿಕ್ಕ ಮೂವರಿಗೆ ಅದನ್ನು ನಡೆಸೋದು ಕಲಿಸಿದಳು, ಅವಳಿಗೆ ಪರೀಕ್ಷೆ ಇದ್ದ ವಾರವೂ ಆಟ ನಿಲ್ಲಲಿಲ್ಲ. ಯಾವ ಹುದ್ದೆಯೂ ಇರಲಿಲ್ಲ ಅವಳಿಗೆ. ನನ್ನ ಲೆಕ್ಕದಲ್ಲಿ ಲೀಡರ್‌ಶಿಪ್ ಅಂದರೆ ಇದೇ.

ಇನ್ನೊಂದು ವಿಷಯ, ನಮ್ಮವರು ಸುಮ್ನೆ ಬಿಟ್ಟುಬಿಡುವುದು. ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳುವುದು, ತಮ್ಮನನ್ನು ಶಾಲೆಯಿಂದ ಕರೆತಂದು ಹೋಮ್‌ವರ್ಕ್ ಮಾಡಿಸುವುದು, ಅಂಗಡಿಯಲ್ಲಿ ಸಂಬಳದ ಕೆಲಸ ಮಾಡುವುದು, ಇವೆಲ್ಲ ಕಾಮನ್ ಆ್ಯಪ್‌ನಲ್ಲಿ ಬರೆಯಬಹುದು. ಕುಟುಂಬದ ಜವಾಬ್ದಾರಿಗೆ ಅಲ್ಲಿ ಬೇರೆ ವಿಭಾಗವೇ ಇದೆ. ನಾಚಿಕೆ ಬೇಡ, ಬರೆಸಿ.

ಸ್ಕೌಟ್ಸ್‌ನಲ್ಲಿದ್ದು ಅಲ್ಲಿನ ಅತಿ ಎತ್ತರದ ದರ್ಜೆಯಾದ ಈಗಲ್ ಸ್ಕೌಟ್ ಆಗುವ ಆಸೆ ಇದ್ದರೆ ಬೇಗ ಲೆಕ್ಕ ಹಾಕಿ. 21 ಮೆರಿಟ್ ಬ್ಯಾಡ್ಜ್ (ಒಂದೊಂದು ವಿಷಯ ಕಲಿತಾಗ ಸಿಗುವ ಪದಕ), ಒಂದು ಸೇವಾ ಪ್ರಾಜೆಕ್ಟ್, ಎಲ್ಲವೂ 18 ತುಂಬುವ ಮೊದಲೇ ಮುಗಿಯಬೇಕು.

ಅಪ್ಪ ಅಮ್ಮಂದಿರು ಮಾಡಬೇಕಾದ ಕಷ್ಟದ ಕೆಲಸ ಅಂದರೆ ಕೈ ಕಟ್ಟಿ ಕೂರುವುದು. ಟೀಚರಿಗೆ ಈಮೇಲ್ ಮಗುವೇ ಬರೆಯಲಿ. ಹಾಲ್ ಬುಕ್ ಮಾಡಲು ಫೋನ್ ಅವನೇ ಮಾಡಲಿ, ತೊದಲಿದರೂ ಪರವಾಗಿಲ್ಲ. ಎಲ್ಲವನ್ನೂ ನೀವೇ ಮಾಡಿಕೊಟ್ಟರೆ ಪ್ರಬಂಧ ಬರೆಯಲು ಕೂತಾಗ ಅವನಿಗೆ ಹೇಳೋಕೆ ಏನೂ ಇರುವುದಿಲ್ಲ, ಅಲ್ವಾ? ನೀವು ಕಾರು ಓಡಿಸಿ, ಊಟ ಕಟ್ಟಿಕೊಡಿ. ವಾರದ ಗಂಟೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ನೆನಪಿಸಿ, ಮೂರು ವರ್ಷದ ಲೆಕ್ಕ ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಕಾಮನ್ ಆ್ಯಪ್ ಹೊಸ ವರ್ಷಕ್ಕೆ ತೆರೆಯುವುದು ಆಗಸ್ಟ್ 1ಕ್ಕೆ. ಆ 150 ಕ್ಯಾರೆಕ್ಟರ್‌ಗಳನ್ನು ಜುಲೈನಲ್ಲೇ ಕೂತು ಬರೆಯಲಿ. 'ಕನ್ನಡ ಶಾಲೆಯಲ್ಲಿ ಸಹಾಯ ಮಾಡಿದೆ' ಅಂದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. 'ಅಕ್ಷರದ ಆಟ ರೂಪಿಸಿದೆ, 3 ಸಹಾಯಕರನ್ನು ತಯಾರು ಮಾಡಿದೆ' ಅಂದರೆ ತಿಳಿಯುತ್ತದೆ. ಪಟ್ಟಿ ಸಿದ್ಧವಾದ ಮೇಲೆ ಅದರ ಒಂದು ಪ್ರತಿಯನ್ನು ತನ್ನ ಶಾಲೆಯ ಕೌನ್ಸೆಲರ್‌ಗೆ ಕೊಡಲಿ. ನೂರಾರು ಮಕ್ಕಳನ್ನು ನೋಡಿಕೊಳ್ಳುವ ಅವರಿಗೆ ಶಿಫಾರಸು ಪತ್ರ ಬರೆಯುವಾಗ ಅದು ನಿಜಕ್ಕೂ ಬೇಕಾಗುತ್ತದೆ.