137 ಬಾಕಿ ಕೆಲಸಗಳ ಪಟ್ಟಿಯನ್ನು ನಾನು ಹಗುರ ಮಾಡಿಕೊಂಡ ಬಗೆ

ಕಳೆದ ಬೇಸಿಗೆ ರಜೆಯ ಒಂದು ಭಾನುವಾರ, ನಾನು ಮಾಡಬೇಕಾದ ಕೆಲಸಗಳನ್ನೆಲ್ಲ ಒಂದೇ ಕಡೆ ಬರೆದು ನೋಡೋಣವೆಂದು ಕುಳಿತೆ. ಅವು ನಾಲ್ಕು ಕಡೆ ಹಂಚಿಹೋಗಿದ್ದವು: ಕೈಚೀಲದ ಡೈರಿ, ಅಡುಗೆಮನೆಯ ಗೋಡೆಯಲ್ಲಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರು, ಮೊಬೈಲಿನ ನೋಟ್ಸ್ ಮತ್ತು ನನಗೆ ನಾನೇ ಕಳುಹಿಸಿಕೊಂಡ ವಾಟ್ಸ್ಆ್ಯಪ್ ಸಂದೇಶಗಳು. ಎಣಿಸಿದಾಗ ಒಟ್ಟು 137 ಆದವು. ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುತ್ತ, ವಯಸ್ಸಾದ ತಾಯಿಯನ್ನೂ ನೋಡಿಕೊಳ್ಳುವವಳಿಗೆ ಇಷ್ಟು ಕೆಲಸವಿರುವುದು ಸಹಜವೇ. ಆದರೆ ಅವುಗಳಲ್ಲಿ ಕೆಲವು ಎರಡು ವರ್ಷಗಳಿಂದ ಹಳೆಯ ಡೈರಿಯಿಂದ ಹೊಸ ಡೈರಿಗೆ ನಕಲಾಗುತ್ತಲೇ ಬಂದಿದ್ದವು.

ಇದಕ್ಕೂ ಮೊದಲು ಒಂದು ಆ್ಯಪ್ ಹಾಕಿಕೊಂಡು, ತುರ್ತಿನದಕ್ಕೆ ಕೆಂಪು, ಉಳಿದದ್ದಕ್ಕೆ ಹಳದಿ ಎಂದು ಎರಡು ವಾರ ಬಣ್ಣ ಬಳಿದಿದ್ದೆ. ಕೊನೆಗೆ ಎಲ್ಲವೂ ಕೆಂಪಾದವು. ಆದ್ದರಿಂದ ಈ ಸಲ 200 ಪುಟದ ನೋಟ್‌ಬುಕ್ ತೆಗೆದುಕೊಂಡು ಕೈಯಲ್ಲೇ ಬರೆದೆ. ಬರೆಯುವ ಶ್ರಮವೇ ಮೊದಲ ಜರಡಿಯಾಯಿತು. ಗ್ಯಾಸ್ ಸ್ಟವ್ ರಿಪೇರಿ ಮೂರು ಕಡೆ ಇತ್ತು. ಆ ಸ್ಟವ್ ಹೋಗಿ ಹೊಸದು ಬಂದು ಒಂದು ದೀಪಾವಳಿ ಕಳೆದಿತ್ತು.

ಅನಂತರ, ನಿರ್ದಿಷ್ಟ ದಿನಕ್ಕೆ ಸೇರಿದ ಕೆಲಸಗಳನ್ನು ಪಟ್ಟಿಯಿಂದ ತೆಗೆದು ಕ್ಯಾಲೆಂಡರಿಗೆ ಸಾಗಿಸಿದೆ. ಅಮ್ಮನ ಪಿಂಚಣಿಗೆ ಬೇಕಾದ ಜೀವನ ಪ್ರಮಾಣಪತ್ರವು ನವೆಂಬರಿನ ಕೆಲಸ. ಶೇ 5ರ ರಿಯಾಯಿತಿ ಸಿಗುವ ಮನೆ ಕಂದಾಯವು ಏಪ್ರಿಲ್ ತಿಂಗಳಿನದು. ಅವನ್ನು ವರ್ಷವಿಡೀ ದಿನವೂ ಓದುವ ಅಗತ್ಯವಿಲ್ಲ. ಇನ್ನೊಬ್ಬರ ಉತ್ತರಕ್ಕಾಗಿ ನಾನು ಕಾಯುತ್ತಿದ್ದವನ್ನು, ಯಾರನ್ನು, ಯಾವ ದಿನ ಕೇಳಿದೆನೆಂಬ ವಿವರದೊಡನೆ, ಬೇರೆ ಪುಟದಲ್ಲಿ ಬರೆದೆ. ಹಳಗನ್ನಡವನ್ನು ಮತ್ತೆ ಮೊದಲಿನಿಂದ ಓದುವುದು, ವೀಣೆ ಕಲಿಯುವುದು ಮುಂತಾದ ಆಸೆಗಳು ಕೊನೆಯ ಪುಟಕ್ಕೆ ಹೋದವು. ವೀಣೆಯನ್ನು ಅಲ್ಲಿಂದಲೂ ಹೊಡೆದುಹಾಕುವಾಗ ಸ್ವಲ್ಪ ನೋವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಇಷ್ಟಾದ ಮೇಲೆ 41 ಉಳಿದವು. ಹಠಮಾರಿಗಳೆಲ್ಲ ಇವುಗಳಲ್ಲೇ ಇದ್ದವು; ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಬರಿಯ ನಾಮಪದಗಳು. 'ಪೌತಿ ಖಾತೆ' ಎಂಬ ಎರಡು ಪದಗಳು 14 ತಿಂಗಳಿನಿಂದ ಅಲುಗಾಡದೆ ಕುಳಿತಿದ್ದವು. ಅಪ್ಪ ತೀರಿಕೊಂಡ ಮೇಲೆ ನಂಜನಗೂಡು ತಾಲ್ಲೂಕಿನ ನಮ್ಮ ಜಮೀನಿನ ಪಹಣಿಯಲ್ಲಿ ವಾರಸುದಾರರ ಹೆಸರು ಸೇರಿಸಬೇಕಾಗಿತ್ತು. ಆ ಎರಡು ಪದಗಳನ್ನು ಬಿಡಿಸಿ ಬರೆದಾಗ, ಮರಣ ಪ್ರಮಾಣಪತ್ರದ ಪ್ರತಿ ತೆಗೆಯುವುದು, ಅಮ್ಮ, ಅಕ್ಕ, ತಮ್ಮ ಮತ್ತು ನನ್ನ ಆಧಾರ್ ಪ್ರತಿಗಳನ್ನು ಸೇರಿಸುವುದು, ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡುವುದು, ಅದು ಬಂದ ಮೇಲೆ ಖಾತೆ ಬದಲಾವಣೆಗೆ ಅರ್ಜಿ ಹಾಕುವುದು ಎಂದು ನಾಲ್ಕು ಕೆಲಸಗಳು ಹೊರಬಂದವು. ಮೊದಲನೆಯದಕ್ಕೆ ಬೇಕಾಗಿದ್ದುದು ಬೀರು ತೆರೆಯುವಷ್ಟು ಶ್ರಮ ಮಾತ್ರ. ಅಂದಿನಿಂದ ಪಟ್ಟಿಯಲ್ಲಿ ಕ್ರಿಯಾಪದವಿಲ್ಲದ ಸಾಲನ್ನು ಬರೆಯಬಾರದೆಂದು ನಿಯಮ ಮಾಡಿಕೊಂಡೆ. ಮುಂದಿನ ಒಂದು ಹೆಜ್ಜೆಯನ್ನಷ್ಟೇ ಪಟ್ಟಿಯಲ್ಲಿಟ್ಟು, ಉಳಿದವನ್ನು ಪಕ್ಕದ ಪುಟದಲ್ಲಿ ಇಡುತ್ತೇನೆ.

ರಾತ್ರಿ ಮಲಗಿದಾಗ ಖಾತೆಯ ಚಿಂತೆ ಕಾಡುವುದು ಆ ವಾರವೇ ಕಡಿಮೆಯಾದದ್ದು ನನಗೆ ಅಚ್ಚರಿ ತಂದಿತು, ಏಕೆಂದರೆ ಕೆಲಸವಿನ್ನೂ ಮುಗಿದಿರಲಿಲ್ಲ. ಅರ್ಧಕ್ಕೆ ನಿಂತ ಕೆಲಸ ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತದೆಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಬರೆದಿದ್ದರು; ಅದನ್ನು ಯಾವಾಗ, ಹೇಗೆ ಮಾಡುವೆವೆಂದು ನಿಶ್ಚಯಿಸಿಕೊಂಡರೆ, ಮುಗಿಯುವ ಮುನ್ನವೇ ಆ ಕಾಟ ಇಳಿಯುತ್ತದೆಂದು 2011ರಲ್ಲಿ ಮನೋವಿಜ್ಞಾನಿಗಳಾದ ಮಸಿಕಾಂಪೊ ಮತ್ತು ಬಾಮೈಸ್ಟರ್ ಪ್ರಯೋಗಗಳಿಂದ ತೋರಿಸಿದರು. ನನ್ನ ಮಟ್ಟಿಗಂತೂ ಅದು ನಿಜವಾಯಿತು.

ಈಗ ಭಾನುವಾರ ಸಂಜೆ 20 ನಿಮಿಷ ಪಟ್ಟಿಯ ಜೊತೆ ಕುಳಿತುಕೊಳ್ಳುತ್ತೇನೆ. ಪರೀಕ್ಷೆಯ ಉತ್ತರಪತ್ರಿಕೆಗಳು ಬರುವ ತಿಂಗಳಲ್ಲಿ ಅದೂ ತಪ್ಪುತ್ತದೆ, ಪಟ್ಟಿ ಮತ್ತೆ ಉಬ್ಬುತ್ತದೆ. ಹೊಸ ಪಹಣಿ ಕೈಗೆ ಬಂದ ದಿನ ಆ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ಉತ್ಸಾಹದಿಂದ, ಜಮೀನಿನ ಅಳತೆ ಮತ್ತು ವಿಭಜನೆಗೆ ಹೇಳುವ 'ಪೋಡಿ' ಎಂಬ ಪದವನ್ನು ಬರೆದೆ. ಪಕ್ಕದಲ್ಲಿ ಕುಳಿತಿದ್ದ ತಮ್ಮ, "ಅಕ್ಕಾ, ಕ್ರಿಯಾಪದ ಎಲ್ಲಿ?" ಎಂದು ಕೇಳಿದ. ಅದನ್ನೂ ಹೊಡೆದು, 'ಪೋಡಿಗೆ ಏನೇನು ದಾಖಲೆ ಬೇಕೆಂದು ಗ್ರಾಮ ಲೆಕ್ಕಿಗರನ್ನು ಸೋಮವಾರ ಕೇಳುವುದು' ಎಂದು ಬರೆದೆ.