ಆರ್ಗಾನ್ ವೆಲ್ಡಿಂಗ್ ಕೈಕೊಟ್ಟರೆ ಮಷಿನ್ ಬಿಚ್ಚಬೇಡಿ, ಮೊದಲು ಟಂಗ್‌ಸ್ಟನ್ ತುದಿ ನೋಡಿ

ಪೀಣ್ಯದ ಒಂದು ಶೆಡ್‌ಗೆ ಪೈಪ್ ಬೆಂಡ್ ಮಾಡಿಸಲು ಹೋಗಿದ್ದೆ. ಅಲ್ಲೊಬ್ಬ ಹುಡುಗ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ರೇಲಿಂಗ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಐಟಿಐ ಮುಗಿಸಿ ಮೂರು ತಿಂಗಳಾಗಿತ್ತಂತೆ. ಟಂಗ್‌ಸ್ಟನ್ ಕಡ್ಡಿ ಅಂದರೆ ಟಾರ್ಚ್ ಅನ್ನುವ ವೆಲ್ಡಿಂಗ್ ಹಿಡಿಯ ತುದಿಯಲ್ಲಿ ಕೂತು, ಆರ್ಕ್ ಅನ್ನುವ ವಿದ್ಯುತ್ ಜ್ವಾಲೆ ಕೊಡುವ ಕಡ್ಡಿ. ಹತ್ತು ಕಡ್ಡಿಯ ಡಬ್ಬಿ ಬೆಳಿಗ್ಗೆ ಒಡೆದದ್ದು, ಊಟದ ಹೊತ್ತಿಗೆ ನಾಲ್ಕು ಮುಗಿದಿದ್ದವು. "ಮಷಿನ್ ಕಡ್ಡಿ ತಿಂತಿದೆ ಸರ್, ರಿಪೇರಿಗೆ ಕಳಿಸ್ಬೇಕು" ಅಂದ. ಮಷಿನ್‌ನ ಮುಂಭಾಗ ನೋಡಿದೆ. ಟಾರ್ಚ್ ಕೇಬಲ್ ಪ್ಲಸ್‌ನಲ್ಲಿತ್ತು, ಅರ್ಥ್ (ಜಾಬ್‌ಗೆ, ಅಂದರೆ ವೆಲ್ಡ್ ಮಾಡುವ ಮಾಲಿಗೆ ಕಚ್ಚಿಸುವ ಕೇಬಲ್) ಮೈನಸ್‌ನಲ್ಲಿತ್ತು. ಎರಡನ್ನೂ ಅದಲು ಬದಲು ಮಾಡಿ, ಒಂದು ಕಡ್ಡಿ ಸರಿಯಾಗಿ ಮಸೆದು ಕೊಟ್ಟೆ. ಸಂಜೆವರೆಗೂ ಅದೇ ಒಂದು ಕಡ್ಡಿಯಲ್ಲಿ ಕೆಲಸ ನಡೆಯಿತು.

ಟಿಗ್ ಮಷಿನ್, ನಮ್ಮ ಕಡೆ ಎಲ್ಲರೂ ಕರೆಯುವಂತೆ ಆರ್ಗಾನ್ ವೆಲ್ಡಿಂಗ್ ಮಷಿನ್, ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ತುದಿ, ಗ್ಯಾಸ್, ಅರ್ಥ್. ಈ ಮೂರನ್ನು ನೋಡದೆ ಮಷಿನ್ ಹೊತ್ತುಕೊಂಡು ಹೋಗಿ ದುಡ್ಡು ಕಳೆದುಕೊಂಡವರನ್ನು ತುಂಬ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಒಂದೂವರೆ ಇಂಚಿನ, 16 ಗೇಜಿನ (ಸುಮಾರು 1.6 ಮಿ.ಮೀ. ದಪ್ಪದ) 304 ದರ್ಜೆಯ ಎಸ್‌ಎಸ್ ಪೈಪ್ ಇಟ್ಟುಕೊಳ್ಳೋಣ. ರೇಲಿಂಗ್ ಮಾಡುವವರ ಕೈಗೆ ದಿನಾ ಸಿಗುವ ಮಾಲು ಅದು.

ಜೋಡಣೆ

ಟಾರ್ಚ್ ಮೈನಸ್‌ಗೆ, ಅರ್ಥ್ ಕ್ಲಾಂಪ್ ಪ್ಲಸ್‌ಗೆ. ರಾಡ್ ವೆಲ್ಡಿಂಗ್‌ನಲ್ಲಿ ಹೋಲ್ಡರ್‌ನ್ನು ಪ್ಲಸ್‌ಗೆ ಹಾಕಿ ಅಭ್ಯಾಸವಾದವರು ಇಲ್ಲೇ ಎಡವುತ್ತಾರೆ. ಟಾರ್ಚ್ ಮೈನಸ್‌ನಲ್ಲಿದ್ದರೆ ಬಿಸಿಯ ಹೆಚ್ಚಿನ ಪಾಲು ಜಾಬ್‌ಗೆ ಹೋಗುತ್ತದೆ. ತಿರುಗಾಮುರುಗಾ ಆದರೆ ಅದೇ ಬಿಸಿ ಕಡ್ಡಿಗೆ ಬೀಳುತ್ತದೆ, ತುದಿ ಉಂಡೆ ಕಟ್ಟಿ ಉದುರುತ್ತದೆ. ಟಂಗ್‌ಸ್ಟನ್ ಕರಗಲು 3,400 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಆದರೂ ತೆಳು ಕಡ್ಡಿ ತಡೆಯುವುದಿಲ್ಲ.

ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಗೋಡೆಗೋ ಕಂಬಕ್ಕೋ ಚೈನ್ ಹಾಕಿ. ಆರ್ಗಾನ್ ಸಿಲಿಂಡರ್ ನೀಲಿ ಬಣ್ಣದ್ದು. ಬಣ್ಣ ನೋಡಿ ಸುಮ್ಮನಾಗಬೇಡಿ, ಚೀಟಿಯನ್ನೂ ಓದಿ. ಒಮ್ಮೆ ನನಗೆ ಆರ್ಗಾನ್ ಅಂತ ಹೇಳಿ ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಮಿಗ್ (ತಂತಿ ಹರಿಸುವ ಬೇರೆ ಬಗೆಯ ವೆಲ್ಡಿಂಗ್) ಗ್ಯಾಸ್ ಇಳಿಸಿ ಹೋಗಿದ್ದರು. ಆರ್ಕ್ ಹತ್ತಿದ ಕ್ಷಣಕ್ಕೆ ತುದಿ ಕಪ್ಪಾಗಿ ಕರಗಿತು. ಅರ್ಧ ದಿನ ಟಾರ್ಚ್ ಬಿಚ್ಚಿ ಜೋಡಿಸಿದ ಮೇಲೆ ಗೊತ್ತಾದದ್ದು ಗ್ಯಾಸೇ ಬೇರೆ ಅಂತ. ಟಿಗ್‌ಗೆ ಶುದ್ಧ ಆರ್ಗಾನ್ ಮಾತ್ರ.

ಫ್ಲೋ ಮೀಟರ್ ವಿಷಯದಲ್ಲಿ ನನ್ನ ಮಾತು ಕೇಳಿ. ಗಾಜಿನ ಕೊಳವೆಯೊಳಗೆ ಗುಂಡು ಮೇಲೇಳುವಂಥದ್ದನ್ನೇ ತೆಗೆದುಕೊಳ್ಳಿ. ಅಗ್ಗದ ಎರಡು ಗಡಿಯಾರದ ರೆಗ್ಯುಲೇಟರ್‌ನಲ್ಲಿ ಎಷ್ಟು ಲೀಟರ್ ಹೋಗುತ್ತಿದೆ ಅಂತ ಕಣ್ಣಿಗೆ ಕಾಣುವುದೇ ಇಲ್ಲ, ಬರೀ ಊಹೆ.

ಕಡ್ಡಿ ಮಸೆಯುವುದು

ಎಲ್ಲರೂ ಅರ್ಧ ನಿಮಿಷದಲ್ಲಿ ಮುಗಿಸುವ ಕೆಲಸ ಇದು. ವೆಲ್ಡ್ ಹಾಳಾಗುವುದೂ ಇಲ್ಲೇ.

ನಮ್ಮ 16 ಗೇಜ್ ಪೈಪ್‌ಗೆ 1.6 ಮಿ.ಮೀ. ಕಡ್ಡಿ ಸಾಕು. 2.4 ಮಿ.ಮೀ. ಕಡ್ಡಿ ಹಾಕಿ 50 ಆಂಪ್‌ನಲ್ಲಿ ಓಡಿಸಿದರೆ ಆರ್ಕ್ ಒಂದು ಕಡೆ ನಿಲ್ಲದೆ ತುದಿಯ ಸುತ್ತ ಅಲೆಯುತ್ತದೆ. ಬಣ್ಣದ ವಿಷಯಕ್ಕೆ ಬಂದರೆ, ನೀಲಿ ತುದಿಯ ಲ್ಯಾಂಥನಮ್ ಕಡ್ಡಿ ತನ್ನಿ. ಎಸ್‌ಎಸ್, ಎಂಎಸ್ (ಮೈಲ್ಡ್ ಸ್ಟೀಲ್), ಅಲ್ಯೂಮಿನಿಯಂ ಎಲ್ಲಕ್ಕೂ ನಡೆಯುತ್ತದೆ. ಕೆಂಪು ತುದಿಯದರಲ್ಲಿ ಥೋರಿಯಂ ಇರುತ್ತದೆ. ಅದು ವಿಕಿರಣ ಸೂಸುವ ಪದಾರ್ಥ, ಮಸೆಯುವಾಗ ಏಳುವ ಧೂಳು ಉಸಿರಿಗೆ ಹೋಗಬಾರದು. ಇಷ್ಟು ವರ್ಷ ಅದರಲ್ಲೇ ಮಾಡಿದ್ದೇವೆ, ಏನೂ ಆಗಿಲ್ಲ ಅನ್ನುವವರಿದ್ದಾರೆ. ಬೇರೆ ಒಳ್ಳೆಯ ಕಡ್ಡಿ ಸಿಗುವಾಗ ಅದೇ ಯಾಕೆ ಬೇಕು?

ಬೆಂಚ್ ಗ್ರೈಂಡರ್‌ನಲ್ಲಿ ಒಂದು ಕಲ್ಲನ್ನು ಟಂಗ್‌ಸ್ಟನ್‌ಗೆ ಅಂತಲೇ ಮೀಸಲಿಡಿ. ಅದೇ ಕಲ್ಲಿನಲ್ಲಿ ಎಂಎಸ್ ಫ್ಲಾಟ್ ಉಜ್ಜಿದ್ದರೆ ಕಬ್ಬಿಣದ ಪುಡಿ ತುದಿಗೆ ಮೆತ್ತಿಕೊಂಡು ಆರ್ಕ್ ಕದಡುತ್ತದೆ.

ಈಗ ಹಿಡಿಯುವ ರೀತಿ. ಕಡ್ಡಿಯನ್ನು ಕಲ್ಲಿಗೆ ಅಡ್ಡ ಹಿಡಿಯಬೇಡಿ. ಕಲ್ಲು ತಿರುಗುವ ದಿಕ್ಕಿಗೇ ಕಡ್ಡಿಯ ಉದ್ದ ಬರಬೇಕು. ತುದಿ ಕಲ್ಲಿಗೆ ಸಿಕ್ಕಿ ಚುಚ್ಚದ ಹಾಗೆ ಓರೆಯಾಗಿ ತಾಗಿಸಿ, ಬೆರಳಲ್ಲಿ ನಿಧಾನ ಉರುಳಿಸುತ್ತಾ ಹೋಗಿ. ಅವಸರವಿದ್ದರೆ ಕಡ್ಡಿಯನ್ನು ಬ್ಯಾಟರಿ ಡ್ರಿಲ್‌ಗೆ ಸಿಕ್ಕಿಸಿ ನಿಧಾನ ತಿರುಗಿಸಿ, ಮೊನೆ ಎಲ್ಲ ಕಡೆ ಸಮ ಬರುತ್ತದೆ. ಈ ಅಡ್ಡದಾರಿಗೆ ನನ್ನ ಒಪ್ಪಿಗೆ ಇದೆ. ಮೊನೆಯ ಉದ್ದ ಕಡ್ಡಿಯ ದಪ್ಪದ ಎರಡರಿಂದ ಎರಡೂವರೆ ಪಟ್ಟು, ಅಂದರೆ ನಮ್ಮ ಕಡ್ಡಿಗೆ ಸುಮಾರು 3ರಿಂದ 4 ಮಿ.ಮೀ.

ಮಸೆದ ಮೇಲೆ ಬೆಳಕಿಗೆ ಹಿಡಿದು ನೋಡಿ. ಗೆರೆಗಳು ಬುಡದಿಂದ ಮೊನೆಯ ಕಡೆಗೆ ಉದ್ದಕ್ಕೆ ಓಡಬೇಕು, ಪೆನ್ಸಿಲ್ ಮರದ ಎಳೆಯ ಹಾಗೆ. ಸುತ್ತಲೂ ಬಳೆಯಂತೆ ಗೆರೆ ಕಂಡರೆ ಆ ತುದಿಯನ್ನು ಮತ್ತೆ ಮಸೆಯಿರಿ. ಆರ್ಕ್ ಆ ಬಳೆಗಳಲ್ಲಿ ಎಡವಿ ಆಚೀಚೆ ಹಾರುತ್ತದೆ. ಕೊನೆಗೆ, ಸೂಜಿಯಂಥ ಮೊನೆಯನ್ನು ಕೂದಲೆಳೆಯಷ್ಟು ಚಪ್ಪಟೆ ಮಾಡಿ. ತೀರ ಚೂಪು ಬಿಟ್ಟರೆ ಆ ಚೂರು ಮುರಿದು ವೆಲ್ಡ್ ಒಳಗೆ ಸೇರಿಕೊಳ್ಳುತ್ತದೆ.

ಕಡ್ಡಿಯನ್ನು ಟಾರ್ಚ್ ಬಾಯಿಯ ಸೆರಾಮಿಕ್ ಕಪ್‌ನಿಂದ 4–5 ಮಿ.ಮೀ. ಹೊರಗೆ ಬಿಟ್ಟು ಹಿಂದಿನ ಕ್ಯಾಪ್ ಬಿಗಿ ಮಾಡಿ. ಮೂಲೆಯೊಳಗೆ ಇನ್ನೂ ಉದ್ದ ಬೇಕಾದರೆ ಗ್ಯಾಸ್ ಲೆನ್ಸ್ ಹಾಕಿಸಿ. ಒಳಗಿನ ಸಣ್ಣ ಜಾಲರಿ ಗ್ಯಾಸನ್ನು ನೇರ ಇಳಿಸುತ್ತದೆ. ಸ್ವಲ್ಪ ಖರ್ಚು ಜಾಸ್ತಿ, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಶುಚಿ, ಸೆಟ್ಟಿಂಗ್

ಪೈಪ್ ಅಂಚಿನ ಬರ್ (ಕತ್ತರಿಸಿದಾಗ ಉಳಿದ ಚೂಪು ಚೂರು) ತೆಗೆಯಿರಿ, ಎಸ್‌ಎಸ್ ಬ್ರಷ್‌ನಿಂದ ಉಜ್ಜಿ, ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಜಾಯಿಂಟ್‌ಗೆ ಕರಗಿಸಿ ತುಂಬುವ ಫಿಲ್ಲರ್ ರಾಡ್‌ನ್ನೂ ಒರೆಸಿ, ಅದನ್ನು ಎಲ್ಲರೂ ಮರೆಯುತ್ತಾರೆ. ಗ್ಯಾರೇಜಿನ ಬ್ರೇಕ್ ಕ್ಲೀನರ್ ಸ್ಪ್ರೇ ಮಾತ್ರ ಮುಟ್ಟಬೇಡಿ. ಕ್ಲೋರಿನ್ ಇರುವ ಕ್ಲೀನರ್ ಆರ್ಕ್‌ನ ಬಿಸಿ ಮತ್ತು ಬೆಳಕಿಗೆ ಸಿಕ್ಕರೆ ಫಾಸ್ಜಿನ್ ಎಂಬ ವಿಷಾನಿಲವಾಗುತ್ತದೆ. ಜೀವಕ್ಕೇ ಕುತ್ತು.

ಕರೆಂಟ್ 45ರಿಂದ 60 ಆಂಪ್. ಗ್ಯಾಸ್ ನಿಮಿಷಕ್ಕೆ 7–8 ಲೀಟರ್, 6 ನಂಬರ್ ಕಪ್. "ಗ್ಯಾಸ್ ಜಾಸ್ತಿ ಬಿಟ್ಟರೆ ವೆಲ್ಡ್ ಚೆನ್ನಾಗಿ ಬರುತ್ತೆ" ಅಂತ 15 ಲೀಟರ್‌ಗೆ ತಿರುಗಿಸುವವರಿದ್ದಾರೆ. ತಪ್ಪು. ಸಣ್ಣ ಕಪ್‌ನಲ್ಲಿ ಗ್ಯಾಸ್ ರಭಸವಾಗಿ ಬಂದರೆ ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ. 7 ಘನ ಮೀಟರಿನ ತುಂಬಿದ ಸಿಲಿಂಡರ್ 8 ಲೀಟರ್ ಲೆಕ್ಕದಲ್ಲಿ 14 ಗಂಟೆ ಆರ್ಕ್ ಕೊಡುತ್ತದೆ, 15ಕ್ಕೆ ಇಟ್ಟರೆ ಎಂಟು ಗಂಟೆಯೂ ಬರುವುದಿಲ್ಲ.

ಪ್ರಿ-ಫ್ಲೋ, ಅಂದರೆ ಆರ್ಕ್ ಹತ್ತುವ ಮುಂಚೆ ಗ್ಯಾಸ್ ಹರಿಯುವ ಹೊತ್ತು, ಅರ್ಧ ಸೆಕೆಂಡ್. ಪೋಸ್ಟ್-ಫ್ಲೋ, ಅಂದರೆ ಆರ್ಕ್ ಆರಿದ ಮೇಲೆ ಗ್ಯಾಸ್ ಹರಿಯುವ ಹೊತ್ತು, 6–8 ಸೆಕೆಂಡ್, ಇದರಲ್ಲಿ ಜಿಪುಣತನ ಬೇಡ. ಡೌನ್-ಸ್ಲೋಪ್, ಅಂದರೆ ಕೊನೆಯಲ್ಲಿ ಕರೆಂಟ್ ನಿಧಾನ ಇಳಿಯುವ ಹೊತ್ತು, 2–3 ಸೆಕೆಂಡ್. 304ಕ್ಕೆ 308ಎಲ್ ಫಿಲ್ಲರ್, ಎಸ್‌ಎಸ್‌ಗೆ ಎಂಎಸ್ ಕೂಡಿಸುವುದಾದರೆ 309ಎಲ್. ಅಲ್ಯೂಮಿನಿಯಂಗೆ ಎಸಿ ಇರುವ ಮಷಿನ್ ಬೇಕು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮೇಲಿನ ಆಕ್ಸೈಡ್ ಪದರಕ್ಕೆ 2,000 ಡಿಗ್ರಿ ದಾಟಬೇಕು. ಆ ಪದರವನ್ನು ಒಡೆಯುವುದು ಎಸಿ. ಡಿಸಿ ಮಾತ್ರ ಇರುವ ಮಷಿನ್ ಕೊಡುತ್ತಾ "ಅಲ್ಯೂಮಿನಿಯಂ ಕೂಡ ಆಗುತ್ತೆ" ಅನ್ನುವ ಅಂಗಡಿಯವರ ಮಾತು ನಂಬಬೇಡಿ.

ಎರಡು ಕೈ, ಒಂದು ಕೊಳ

ಫುಲ್ ತೋಳಿನ ಹತ್ತಿ ಅಂಗಿ ಹಾಕಿ, ಹೆಲ್ಮೆಟ್ ಗಾಜಿನ ಶೇಡ್ (ಎಷ್ಟು ಕಪ್ಪು ಅನ್ನುವ ಅಂಕಿ) 9 ಅಥವಾ 10ಕ್ಕೆ ಇಡಿ. ಮೊಣಕೈಗೆ ಎಲ್ಲಾದರೂ ಆಸರೆ ಕೊಡಿ. ಟಾರ್ಚ್ ಹಿಡಿದ ಕೈಯ ಕಿರುಬೆರಳು ಜಾಬ್ ಮೇಲೋ ಟೇಬಲ್ ಮೇಲೋ ಊರಿರಲಿ. ಗಾಳಿಯಲ್ಲಿ ಕೈ ತೇಲಿಸಿ ಟಿಗ್ ಮಾಡಲು ಯಾರಿಂದಲೂ ಆಗುವುದಿಲ್ಲ.

ಸ್ವಿಚ್ ಒತ್ತಿ, ಆರ್ಕ್ ಹತ್ತಲಿ. ತುದಿಗೂ ಜಾಬ್‌ಗೂ ನಡುವೆ ಎರಡು ಮಿ.ಮೀ. ಒಳಗೇ ಅಂತರ ಇರಲಿ. ಈಗ ಕಾಯಿರಿ. ಹೊಸಬರು ಇಲ್ಲೇ ಆತುರಪಟ್ಟು ರಾಡ್ ಚುಚ್ಚಿಬಿಡುತ್ತಾರೆ. ಮೊದಲು ಲೋಹ ಮಂಕಾಗಿ ಬೆವರುತ್ತದೆ, ಆಮೇಲೆ ಎರಡೂ ಪೈಪಿನ ಅಂಚು ಒಟ್ಟಿಗೆ ಕರಗಿ ಕನ್ನಡಿಯ ಹಾಗೆ ಹೊಳೆಯುವ ಪುಟ್ಟ ಕೊಳ ಆಗುತ್ತದೆ. ಮೆಣಸಿನ ಕಾಳಿಗಿಂತ ಚೂರು ಅಗಲ. ಆ ಹೊಳಪು ಕಂಡ ಮೇಲೆಯೇ ರಾಡ್ ತರಬೇಕು.

ಟಾರ್ಚ್ ಸ್ವಲ್ಪ ಹಿಂದಕ್ಕೆ ವಾಲಿರಲಿ, 15 ಡಿಗ್ರಿಯಷ್ಟು. ರಾಡ್ ಎದುರಿನಿಂದ, ಮಲಗಿದ ಹಾಗೆ ಬರಲಿ. ರಾಡನ್ನು ಆರ್ಕ್ ಒಳಗೆ ತೂರಿಸಬಾರದು, ಟಂಗ್‌ಸ್ಟನ್‌ಗೆ ತಾಗಿಸಲೂಬಾರದು. ಕೊಳದ ಮುಂದಿನ ದಡಕ್ಕೆ ಮುಟ್ಟಿಸಿ, ಒಂದು ಹನಿ ಕೊಳವೇ ಹೀರಿಕೊಳ್ಳುತ್ತದೆ. ರಾಡ್ ಹಿಂದಕ್ಕೆ, ಟಾರ್ಚ್ ಎರಡು ಮಿ.ಮೀ. ಮುಂದಕ್ಕೆ, ಮತ್ತೆ ಮುಟ್ಟಿಸಿ. ಹಿಂದಕ್ಕೆ ಎಳೆದಾಗಲೂ ರಾಡಿನ ತುದಿ ಗ್ಯಾಸ್‌ನ ನೆರಳಲ್ಲೇ ಇರಬೇಕು. ಪೂರ್ತಿ ಹೊರಗೆ ಬಂದರೆ ಕೆಂಪಾದ ರಾಡ್ ಗಾಳಿಗೆ ಸಿಕ್ಕಿ ಕಪ್ಪಾಗುತ್ತದೆ, ಮುಂದಿನ ಹನಿಯಲ್ಲಿ ಆ ಕೊಳೆಯೇ ಒಳಗೆ ಹೋಗುತ್ತದೆ.

ಟಂಗ್‌ಸ್ಟನ್ ಕೊಳಕ್ಕೆ ತಾಗಿದರೆ ತಕ್ಷಣ ಗೊತ್ತಾಗುತ್ತದೆ. ಆರ್ಕ್ ಹರಡಿಕೊಂಡು ಹಸಿರು ಬಣ್ಣಕ್ಕೆ ತಿರುಗಬಹುದು, ಸದ್ದು ಬದಲಾಗುತ್ತದೆ. ಆಗ ನಿಲ್ಲಿಸಿ. "ಈ ಒಂದು ಜಾಯಿಂಟ್ ಮುಗಿಸಿಬಿಡೋಣ" ಅಂತ ಮುಂದುವರಿಸಬೇಡಿ. ಮೆತ್ತಿಕೊಂಡ ಭಾಗ ಮುರಿದು ಹಾಕಿ, ಮತ್ತೆ ಮಸೆಯಿರಿ. ಕಲಿಯುವ ದಿನಗಳಲ್ಲಿ ನಾಲ್ಕೈದು ಕಡ್ಡಿ ಮಸೆದು ಪಕ್ಕದಲ್ಲಿಟ್ಟುಕೊಂಡೇ ಕೂತರೆ ಈ ಸೋಮಾರಿತನ ಬರುವುದಿಲ್ಲ.

ಮುಗಿಸುವಾಗ ಸ್ವಿಚ್ ಬಿಟ್ಟು ಟಾರ್ಚ್ ಎತ್ತಿಬಿಡಬೇಡಿ. ಡೌನ್-ಸ್ಲೋಪ್‌ನಲ್ಲಿ ಕರೆಂಟ್ ಇಳಿಯುವಾಗ ಕೊನೆಯ ಒಂದು ಹನಿ ಕೊಟ್ಟು, ಗುಳಿ ತುಂಬಿಸಿ, ಗ್ಯಾಸ್ ನಿಲ್ಲುವವರೆಗೂ ಟಾರ್ಚನ್ನು ಅಲ್ಲೇ ಹಿಡಿಯಿರಿ. ವೆಲ್ಡ್‌ನ ಕೊನೆಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಡುವುದು ಗುಳಿ ತುಂಬಿಸದೆ ಥಟ್ಟನೆ ನಿಲ್ಲಿಸಿದವರಿಗೆ. ಗ್ಯಾಸ್ ನಿಲ್ಲುವವರೆಗೂ ಕಾದವರ ವೆಲ್ಡ್ ಬೆಳ್ಳಿ ಅಥವಾ ಹೊಂಬಣ್ಣದಲ್ಲಿರುತ್ತದೆ. ಕಡು ನೀಲಿ ಆದರೆ ಬಿಸಿ ಜಾಸ್ತಿಯಾಗಿದೆ. ಬೂದು ಬಣ್ಣಕ್ಕೆ ತಿರುಗಿದರೆ ಬಿಸಿಯೂ ಜಾಸ್ತಿ, ಗ್ಯಾಸೂ ಸಾಲದು.

ಹಾಲು ಹರಿಯುವ ಪೈಪ್‌ಗೆ ಇಷ್ಟು ಸಾಲದು. ಒಳಗಿನಿಂದಲೂ ಆರ್ಗಾನ್ ತುಂಬಿಸಿ ವೆಲ್ಡ್ ಮಾಡಲೇಬೇಕು. ಇಲ್ಲದಿದ್ದರೆ ಒಳಮೈ ಸುಟ್ಟ ಸಕ್ಕರೆಯಂತೆ ಹರಳುಗಟ್ಟುತ್ತದೆ, ಆ ಸಂದಿಯಲ್ಲಿ ಹಾಲು ಕೂತು ಕೊಳೆಯುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ತೊಂದರೆ ಬಂದಾಗ

ಸ್ವಿಚ್ ಒತ್ತಿದರೆ ಏನೂ ಆಗುತ್ತಿಲ್ಲವೇ? ಕಿವಿಗೊಡಿ. ಮಷಿನ್ ಒಳಗೆ ಗ್ಯಾಸ್ ವಾಲ್ವ್ "ಟಕ್" ಅನ್ನಬೇಕು. ಅನ್ನದಿದ್ದರೆ ಟಾರ್ಚ್ ಸ್ವಿಚ್ಚಿನ ವೈರ್ ತುಂಡಾಗಿರುತ್ತದೆ, ಸಾಮಾನ್ಯವಾಗಿ ಹಿಡಿಯ ಹತ್ತಿರ, ಕೇಬಲ್ ಮಡಚುವ ಜಾಗದಲ್ಲಿ. ಮಲ್ಟಿಮೀಟರ್ ಹಿಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. "ಟಕ್" ಅಂದು ಗ್ಯಾಸ್ ಬಂದು ಆರ್ಕ್ ಮಾತ್ರ ಹತ್ತದಿದ್ದರೆ ಅರ್ಥ್ ಕ್ಲಾಂಪ್ ನೋಡಿ. ಪೇಂಟ್, ತುಕ್ಕಿನ ಮೇಲೆ ಕಚ್ಚಿಸಿರುತ್ತಾರೆ. ತಗಡಿನ ಅಗ್ಗದ ಕ್ಲಾಂಪ್ ಎಸೆದು ಹಿತ್ತಾಳೆಯದು ತನ್ನಿ. ಇವೆಲ್ಲ ಸರಿಯಿದ್ದೂ ಸ್ಪಾರ್ಕ್ ಬರದಿದ್ದರೆ ಆಗ ಮೆಕ್ಯಾನಿಕ್ ಕರೆಯಿರಿ. ಕವರ್ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ನಿಂತಿರುತ್ತದೆ.

ವೆಲ್ಡ್ ಕಪ್ಪಾಗಿ, ಸಣ್ಣ ಸಣ್ಣ ತೂತು ಬಿದ್ದರೆ ಗಾಳಿ ಸೇರುತ್ತಿದೆ ಅಂತ ಅರ್ಥ. ಮೊದಲು ಶೆಡ್ಡಿನ ಫ್ಯಾನ್ ಆಫ್ ಮಾಡಿ. ಬೇಸಿಗೆಯಲ್ಲಿ ಈ ಒಂದೇ ಕಾರಣಕ್ಕೆ ದಿನಗಟ್ಟಲೆ ಮಾಲು ಹಾಳಾದದ್ದನ್ನು ನೋಡಿದ್ದೇನೆ. ಆಮೇಲೆ ಸಿಲಿಂಡರಿನಿಂದ ಟಾರ್ಚ್‌ವರೆಗೆ ಪ್ರತಿ ಜಾಯಿಂಟ್‌ಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಬರುತ್ತದಾ ನೋಡಿ. ಕೊನೆಗೆ ಟಾರ್ಚ್‌ನ ಹಿಂದಿನ ಕ್ಯಾಪ್ ಬಿಚ್ಚಿ. ಅದರ ಬುಡದಲ್ಲಿ ಪುಟ್ಟ ರಬ್ಬರ್ ರಿಂಗ್ ಇರುತ್ತದೆ. ಅದು ಒಡೆದಿದ್ದರೆ ಗಾಳಿ ಅಲ್ಲಿಂದ ನುಸುಳುತ್ತದೆ. ಹತ್ತಿಪ್ಪತ್ತು ರೂಪಾಯಿಯ ಆ ರಿಂಗ್‌ಗಾಗಿ ಇಡೀ ಟಾರ್ಚ್ ಬದಲಿಸಿದವರಿದ್ದಾರೆ.

ಕೆಲಸ ನಿಂತ ಮೇಲೆ ಟಂಗ್‌ಸ್ಟನ್ ಬೆಳ್ಳಿಯಂತೆ ಹೊಳೆಯುತ್ತಿರಬೇಕು. ನೀಲಿ, ಕಪ್ಪು ಆದರೆ ಪೋಸ್ಟ್-ಫ್ಲೋ ಹೆಚ್ಚಿಸಿ. ಕಪ್ ಒಳಗೆ ಹಳದಿ ಪುಡಿ ಕಂಡರೆ ಬಿಸಿ ಕಡ್ಡಿಗೆ ಗ್ಯಾಸ್ ಸಿಗುತ್ತಿಲ್ಲ.

ಮಷಿನ್ ಮಧ್ಯೆ ಮಧ್ಯೆ ನಿಂತು ಹಳದಿ ದೀಪ ಹೊತ್ತಿದರೆ ಕೆಟ್ಟಿಲ್ಲ, ಬಿಸಿಯಾಗಿದೆ. 60 ಪರ್ಸೆಂಟ್ ಡ್ಯೂಟಿ ಸೈಕಲ್ ಅಂದರೆ ಆ ಕರೆಂಟಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಕೆಲಸ, 4 ನಿಮಿಷ ವಿಶ್ರಾಂತಿ. ಸ್ವಿಚ್ ಆಫ್ ಮಾಡಬೇಡಿ, ಮಷಿನ್ ಒಳಗಿನ ಫ್ಯಾನ್ ಓಡಲಿ. ಆರ್ಕ್ ಸೊರಗುತ್ತಿದ್ದರೆ ಎಕ್ಸ್‌ಟೆನ್ಷನ್ ವೈರ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ತೆಳುವಾಗಿದೆ. ಕನಿಷ್ಠ 4 ಸ್ಕ್ವೇರ್ ಎಂಎಂ ಹಾಕಿ, ಸುರುಳಿ ಪೂರ್ತಿ ಬಿಚ್ಚಿ.

ಟ್ಯಾಂಕ್, ಗುಂಡಿಯ ಒಳಗೆ ಕೆಲಸವಿದ್ದರೆ ಒಬ್ಬರೇ ಇಳಿಯಬೇಡಿ. ಆರ್ಗಾನ್ ಗಾಳಿಗಿಂತ ಭಾರ, ತಳದಲ್ಲಿ ತುಂಬಿಕೊಳ್ಳುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಒಳಗೆ ಗಾಳಿ ಆಡುವ ವ್ಯವಸ್ಥೆ ಇರಲಿ, ಹೊರಗೆ ಒಬ್ಬರು ಕಣ್ಣಿಟ್ಟು ನಿಂತಿರಲಿ.

ಸಂಜೆ ಹೊರಡುವ ಮುಂಚೆ ಸಿಲಿಂಡರ್ ವಾಲ್ವ್ ಮುಚ್ಚಿ, ಸ್ವಿಚ್ ಒತ್ತಿ ಪೈಪಿನಲ್ಲಿ ಉಳಿದ ಗ್ಯಾಸ್ ಖಾಲಿ ಮಾಡಿ. ಗುಂಡು ಕೆಳಗಿಳಿದ ಮೇಲೆ ಫ್ಲೋ ಮೀಟರಿನ ತಿರುಪು ಸಡಿಲಿಸಿ, ಟಾರ್ಚನ್ನು ನೆಲಕ್ಕೆ ಬಿಡದೆ ಕೊಕ್ಕೆಗೆ ತೂಗುಹಾಕಿ. ಸೆರಾಮಿಕ್ ಕಪ್ ಒಮ್ಮೆ ನೆಲಕ್ಕೆ ಬಿದ್ದರೆ ಕಣ್ಣಿಗೆ ಕಾಣದ ಸೀಳು ಬಿಡುತ್ತದೆ, ಮರುದಿನದ ಮೊದಲ ಜಾಯಿಂಟೇ ಕಪ್ಪಾಗುತ್ತದೆ.